ಚೀಕಲಪರ್ವಿಯಲ್ಲಿ ಅಧಿಕ ಮಾಸ

ಆಂಜನೇಯನ ಬಳಿ ಒಂದು ವರ್ಷ ಕಡಿಮೆ ಇತ್ತು. ಗೋಡೆಗೆ ಒರಗಿಸಿಟ್ಟಿದ್ದ ಪಿವಿಸಿ ಪೈಪಿನೊಳಗಿನ ಚಾರ್ಟಿನಲ್ಲಿ ಅದು ಎಲ್ಲೋ ಕಳೆದುಹೋಗಿತ್ತು, ಎಂಟು ದಿನದಿಂದ ಅವನು ಅದನ್ನು ಹುಡುಕುತ್ತಿದ್ದ. ಚಾರ್ಟಿನ ಎಡತುದಿಯಲ್ಲಿ ಗಡ್ಡದ ಪಾರಸಿ ಅರಸನೊಬ್ಬ ಕೈಯೆತ್ತಿ ಯೆರೂಸಲೇಮನ್ನು ಮತ್ತೆ ಕಟ್ಟಿರೆಂದು ಆಜ್ಞೆ ಹೊರಡಿಸುತ್ತಿದ್ದ. ಅವನ ಕಾಲ ಕೆಳಗೆ ಕ್ರಿಸ್ತಪೂರ್ವ 457 ಎಂದು ಬರೆದಿತ್ತು. ಬಲತುದಿಯಲ್ಲಿ ಮೋಡ, ಮೋಡದ ಮೇಲೆ ಎರಡು ಖೋಲಿಯ ಗುಡಾರ, ಅದರ ಕೆಳಗೆ 1844. ನಡುವೆ ಒಂದು ಕೆಂಪು ಗೆರೆ. ಗೆರೆಯ ಉದ್ದ ಎರಡು ಸಾವಿರದ ಮುನ್ನೂರು ದಿನ. ಪ್ರವಾದಿಯ ಲೆಕ್ಕದಲ್ಲಿ ಒಂದು ದಿನವೆಂದರೆ ಒಂದು ವರ್ಷ, ಆದ್ದರಿಂದ ಎರಡು ಸಾವಿರದ ಮುನ್ನೂರು ವರ್ಷ. ಅದರಲ್ಲಿ ನಾನೂರ ಐವತ್ತೇಳನ್ನು ಕಳೆದರೆ 1843 ಬರುತ್ತದೆ. ಬೆರಳಿನಲ್ಲಿ ಕಳೆದು ನೋಡಿದ, ಮೊಬೈಲಿನಲ್ಲಿ ಕಳೆದು ನೋಡಿದ, ಸಂಡಾಸಿನಲ್ಲಿ ಕೂತು ಗೋಡೆಯ ಸುಣ್ಣದ ಮೇಲೆ ಉಗುರಿನಿಂದ ಗೀಚಿ ಕಳೆದ. ಮೂರು ಸಲವೂ 1843. ಮೂರು ವರ್ಷ ಅದೇ ಚಾರ್ಟನ್ನು ಊರೂರಿಗೆ ಹೊತ್ತು, ಬೆತ್ತ ಹಿಡಿದು ತೋರಿಸಿ, ಗಂಟಲು ಹರಿದುಕೊಂಡಿದ್ದವನು ಒಂದು ಸಲವೂ ಕಳೆದು ನೋಡಿರಲಿಲ್ಲ. ದೇವರ ಲೆಕ್ಕವನ್ನು ಯಾರು ತಾಳೆ ನೋಡುತ್ತಾರೆ?

"ಎಷ್ಟೊತ್ತು ಕುಂದ್ರತೀಯೋ ಒಳಗ? ಪಾಸ್ಟರ್ ಸಾಹೇಬ್ರು ಎರಡೂವರಿಗೆ ಬರ್ತಾರ," ಎಂದು ರೇಣುಕಮ್ಮ ಹೊರಗಿನಿಂದ ಬಾಗಿಲು ಬಡಿದಳು. ಅವಳು ಅವನ ಹೆಂಡತಿ, ಅವನ ಜೊತೆಗೇ ಅದೇ ದಿನ ದೀಕ್ಷಾಸ್ನಾನದ ನೀರಿನಲ್ಲಿ ಮುಳುಗಿ ಎದ್ದವಳು. ಆದರೆ ಅವಳು ಮುಳುಗಿದ್ದು ಗಂಡ ಮುಳುಗುತ್ತಾನಲ್ಲ ಎಂದು, ಅಷ್ಟೇ. ಎದ್ದ ಮೇಲೆ ತಲೆ ಒರೆಸಿಕೊಂಡು ಮೊದಲು ಕೇಳಿದ್ದು ಊಟ ಎಲ್ಲಿ ಎಂದು. ಇವತ್ತು ಶನಿವಾರ, ಸಬ್ಬತ್ತಿನ ದಿನ, ಒಲೆ ಹಚ್ಚುವಂತಿಲ್ಲ. ನಿನ್ನೆ ಹೊತ್ತು ಮುಳುಗುವುದರೊಳಗೆ ಮಾಡಿಟ್ಟ ಅನ್ನ ಮಾನ್ವಿಯ ಈ ಬಿಸಿಲಿಗೆ ಬೆಳಗ್ಗೆ ಎಂಟಕ್ಕೇ ಹುಳಿ ಬಂದಿತ್ತು. ಉಳಿದದ್ದು ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ. ಸೀನಾಯಿ ಬೆಟ್ಟದ ಮೇಲೆ ದೇವರು ಸಬ್ಬತ್ತಿನ ಆಜ್ಞೆ ಕೊಟ್ಟಾಗ ಅವನ ಮನಸ್ಸಿನಲ್ಲಿ ರಾಯಚೂರು ಜಿಲ್ಲೆಯ ಕಡಕ್ ರೊಟ್ಟಿಯೇ ಇದ್ದಿರಬೇಕು, ಬೇರೆ ಯಾವ ಅಡುಗೆಯೂ ಆ ಆಜ್ಞೆಗೆ ತಡೆಯುವುದಿಲ್ಲ ಎಂದು ಆಂಜನೇಯ ಹಿಂದೊಮ್ಮೆ ಸಭೆಯಲ್ಲಿ ಹೇಳಿ ನಗಿಸಿದ್ದ. ಇವತ್ತು ರೊಟ್ಟಿ ಮುರಿದು ಬಾಯಿಗಿಟ್ಟರೆ ಅದು ಕಿವಿಯೊಳಗೆಲ್ಲ ಕರಕರ ಎಂದಿತು, ನುಂಗಲು ಆಗಲಿಲ್ಲ.

"ಏಳು ಮಂದಿ ಬರೋಬ್ಬರಿ ಬರ್ತಾರಿಲ್ಲೋ?" ಎಂದು ರೇಣುಕಮ್ಮ ಕೇಳಿದಳು.

"ಬರ್ತಾರ."

"ನಿನ್ನೆ ಶುಕ್ರವಾರ ನೀನು ಚೀಕಲಪರ್ವಿಗೆ ಹೋಗೇ ಇಲ್ಲ. ಜ್ವರ ಅಂದಿ. ನಿನ್ನ ಮೈ ಮುಟ್ಟಿ ನೋಡೀನಿ, ನನ್ನ ಮೈಗಿಂತ ತಣ್ಣಗಿತ್ತು."

"ಒಳಗಿನ ಜ್ವರ."

"ಒಳಗಿನ ಜ್ವರ ಅಂತ! ನೋಡು, ನಾ ಹೇಳ್ತೀನಿ ಕೇಳು. ಆ ಏಳು ಮಂದಿ ಮುಣುಗಿದ್ರ ನಾವು ತೇಲ್ತೀವಿ. ನೀನು ನಡುವ ಏನರೆ ಶಾಣ್ಯಾತನ ಮಾಡಬ್ಯಾಡ."

ತೇಲುವುದೆಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಮೂರು ವರ್ಷದಿಂದ ಆಂಜನೇಯ ಹಂಗಾಮಿ ಸುವಾರ್ತಾ ಸೇವಕ. ಇವತ್ತು ಚೀಕಲಪರ್ವಿಯ ಹೊಳೆಯಲ್ಲಿ ಏಳು ಜನಕ್ಕೆ ದೀಕ್ಷಾಸ್ನಾನ ಆದರೆ ಅವನ ಕೆಲಸ ಕಾಯಂ ಆಗುತ್ತದೆ, ರಾಯಚೂರಿನ ಸಭೆಯ ಕಾಂಪೌಂಡಿನಲ್ಲಿ ಎರಡು ಖೋಲಿಯ ಮನೆ ಸಿಗುತ್ತದೆ, ಮಗಳನ್ನು ಅಲ್ಲಿಯ ಶಾಲೆಗೆ ಹಾಕಬಹುದು. ರೇಣುಕಮ್ಮ ಹೋದ ತಿಂಗಳೇ ಆ ಮನೆಯನ್ನು ಕಿಟಕಿಯಿಂದ ಇಣುಕಿ ನೋಡಿ ಬಂದಿದ್ದಳು. ಹೊರಗಿನ ಖೋಲಿಯಲ್ಲಿ ಹೊಲಿಗೆ ಮಷಿನ್, ಒಳಗಿನ ಖೋಲಿಯಲ್ಲಿ ಮಲಗುವುದು ಎಂದು ಅವಳು ಆಗಲೇ ಹಂಚಿ ಮುಗಿಸಿದ್ದಳು. ಸ್ವರ್ಗದ ಗುಡಾರಕ್ಕೂ ಎರಡೇ ಖೋಲಿ ಎಂದು ಅವನು ಹೇಳಹೋಗಿ ಸುಮ್ಮನಾಗಿದ್ದ.

ಆ ಎರಡು ಖೋಲಿಯ ಸಂಗತಿಯನ್ನು ಅವನು ಎಷ್ಟು ಚೆಂದ ಹೇಳುತ್ತಿದ್ದ! ಹತ್ತು ವರ್ಷದ ಹಿಂದೆ ಅವನು ಗೋಡೆ ಬರಹದವನಾಗಿದ್ದ. ದೇವದುರ್ಗದಿಂದ ಲಿಂಗಸುಗೂರಿನವರೆಗೆ ಗೊಬ್ಬರ, ಸಿಮೆಂಟು, ಮೂಲವ್ಯಾಧಿಯ ಔಷಧಿ ಎಲ್ಲವನ್ನೂ ಮೊಳದುದ್ದದ ಅಕ್ಷರದಲ್ಲಿ ಬರೆದಿದ್ದ. ಫ್ಲೆಕ್ಸ್ ಬಂದು ಅವನ ಕುಂಚ ಒಣಗಿದ ವರ್ಷ ರಾಯಚೂರಿನಲ್ಲಿ ಶನಿವಾರದ ಸಭೆಯವರು ಬೋರ್ಡು ಬರೆಯಲು ಕರೆದರು. ಬೋರ್ಡು ಮುಗಿದರೂ ಅವನು ಹೋಗಲಿಲ್ಲ. ಪಾಸ್ಟರ್ ಸಂಜೀವ ಊಟ ಹಾಕಿಸಿ ಚಾರ್ಟು ಬಿಚ್ಚಿ ತೋರಿಸಿದಾಗ ಅವನಿಗೆ ಮೊದಲು ಕಂಡದ್ದು ಅದರ ಅಕ್ಷರಗಳ ಅಳತೆ ತಪ್ಪಿದ್ದು, ಆಮೇಲೆ ಆ ಕಥೆ. ಎಲ್ಲೋ ಅಮೆರಿಕದಲ್ಲಿ ಸಾವಿರಾರು ಮಂದಿ 1844ರ ಅಕ್ಟೋಬರ್ ಇಪ್ಪತ್ತೆರಡಕ್ಕೆ ಏಸು ಬರುತ್ತಾನೆಂದು ಹೊಲದ ಬೆಳೆ ಕೊಯ್ಯದೆ ಬಿಟ್ಟು ಆಕಾಶ ನೋಡುತ್ತ ಕೂತರಂತೆ. ಬೆಳಗಾಯಿತು, ಅವನು ಬರಲಿಲ್ಲ. ಅತ್ತರಂತೆ. ಊರವರು ಬಂದು, ಯಾಕ್ರಪಾ ಇನ್ನೂ ಇಲ್ಲೇ ಇದ್ದೀರಿ, ಹೋಗಲಿಲ್ಲೇನು ಎಂದು ಕೇಳಿದರಂತೆ. ಆಮೇಲೆ ಕೆಲವರಿಗೆ ತಿಳಿಯಿತು: ತಾರೀಖು ಸರಿ ಇತ್ತು, ಜಾಗ ತಪ್ಪಿತ್ತು. ಅವತ್ತು ಅವನು ಭೂಮಿಗೆ ಬರುವವನೇ ಅಲ್ಲ. ಮೇಲಿನ ಗುಡಾರದಲ್ಲಿ ಹೊರಗಿನ ಖೋಲಿಯಿಂದ ಒಳಗಿನ ಖೋಲಿಗೆ ಹೋದ. ಅಲ್ಲಿ ಕೂತು ಪುಸ್ತಕ ತೆರೆದ. ಮೊದಲು ಸತ್ತವರ ಹೆಸರು, ಆಮೇಲೆ ಬದುಕಿರುವವರದು, ಒಂದೊಂದೇ ವಿಚಾರಣೆ. ಆಂಜನೇಯನಿಗೆ ಆ ಕಥೆ ಸೇರಿದ್ದು ಅದರಲ್ಲಿ ಮಂದಿ ಬೇಸ್ತುಬಿದ್ದದ್ದಕ್ಕೆ. ಬೇರೆ ಯಾವ ದೇವರ ಮಂದಿಯೂ ತಾವು ಬೇಸ್ತುಬಿದ್ದ ತಾರೀಖನ್ನು ಚಾರ್ಟಿನಲ್ಲಿ ಬರೆದುಕೊಂಡು ತಿರುಗುವುದನ್ನು ಅವನು ನೋಡಿರಲಿಲ್ಲ.

ಮಾನ್ವಿ ಬಸ್ ಸ್ಟ್ಯಾಂಡಿನ ಎದುರು, ಹೆಗಲ ಮೇಲೆ ಪೈಪು ಹೊತ್ತು ಅವನು ಕಾರಿಗೆ ಕಾಯುತ್ತ ನಿಂತಾಗ ಡಾಂಬರು ಕಾಲಿಗೆ ಅಂಟುತ್ತಿತ್ತು. ಚಹಾದಂಗಡಿಯವನು ಕೇಳದೆಯೇ ಗ್ಲಾಸು ಮುಂದಿಟ್ಟ. ಶನಿವಾರದ ಸಭೆಯವರು ಚಹಾ ಕುಡಿಯುವಂತಿಲ್ಲ. ದೇಹ ದೇವಾಲಯ, ಅದರೊಳಗೆ ಚಹಾಪುಡಿ ಹೋಗಬಾರದು. ಆಂಜನೇಯ ರಸ್ತೆಯ ಕಡೆ ಬೆನ್ನು ಹಾಕಿ ಎರಡು ಗುಟುಕಿನಲ್ಲಿ ಕುಡಿದು ಬಾಯಿ ಸುಟ್ಟುಕೊಂಡ. ಒಂದು ವೇಳೆ ಮೇಲೆ ಈಗ ತನ್ನ ಹೆಸರೇ ಬಂದಿದ್ದರೆ, ಪುಸ್ತಕದಲ್ಲಿ ಈ ಚಹಾಗಳೇ ನಾಲ್ಕು ಪುಟ ಆಗಿರುತ್ತವೆ ಎಂದುಕೊಂಡ. ಆಮೇಲೆ, ಚಹಾದ ಪುಟಗಳು ಮುಗಿದ ಮೇಲೆ, ಅರಕೇರಾದ ಪುಟ ಬರುತ್ತದೆ. ಅಲ್ಲಿ ಓದುವವನು ಸ್ವಲ್ಪ ನಿಲ್ಲುತ್ತಾನೆ.

ಅವ್ವ ತೀರಿಕೊಂಡದ್ದು ಒಂದು ಶುಕ್ರವಾರ ಸಂಜೆ. ಅಣ್ಣ ಮೌನಪ್ಪ ಹುಟ್ಟೂರು ಅರಕೇರಾದಿಂದ ಫೋನು ಮಾಡಿ, "ನಾಳಿ ಹನ್ನೆರಡರೊಳಗ ಮಣ್ಣು ಮಾಡ್ತೀವಿ, ಬಾ," ಎಂದ. ನಾಳೆ ಎಂದರೆ ಸಬ್ಬತ್ತು. ಆಂಜನೇಯನಿಗೆ ದೀಕ್ಷಾಸ್ನಾನವಾಗಿ ಆಗ ಐದು ತಿಂಗಳು, ತಲೆಯಲ್ಲಿ ಕಾನೂನು ತುಂಬಿತ್ತು. ಗುದ್ದಲಿ ಹಿಡಿಯುವುದು ಕೆಲಸ, ಹೆಣ ಹೊರುವುದು ಭಾರ, ಬಸ್ಸಿನ ಟಿಕೆಟ್ಟು ವ್ಯಾಪಾರ. ಹೋಗಲಿಲ್ಲ. ಬಸ್ಸು ಸಿಗಲಿಲ್ಲ ಎಂದು ಮೌನಪ್ಪನಿಗೆ ಹೇಳಿದ. ಭಾನುವಾರ ಪಾಸ್ಟರ್ ಸಂಜೀವ ಸುದ್ದಿ ಕೇಳಿ, "ಹುಚ್ಚೇನೋ ನಿನಗ? ತಾಯಿನ್ನ ಮಣ್ಣು ಮಾಡಬ್ಯಾಡ ಅಂತ ಯಾವ ಸಬ್ಬತ್ತೂ ಹೇಳಂಗಿಲ್ಲ," ಎಂದು ಬೈದರು. ಕಾನೂನು ಇದ್ದಿದ್ದರೆ ಅದರ ಹಿಂದೆ ನಿಲ್ಲಬಹುದಿತ್ತು. ಕಾನೂನೇ ಇಲ್ಲವೆಂದ ಮೇಲೆ, ಆ ಶನಿವಾರ ಅವನು ಚಾಪೆ ಮೇಲೆ ಮಲಗಿದ್ದೇಕೆ? ಅಣ್ಣಂದಿರ ಎದುರು ಕೊರಳಲ್ಲಿ ತಾಯಿತ ಇಲ್ಲದೆ, ಹಣೆಯ ಮೇಲೆ ಅರಿಶಿನದ ಭಂಡಾರವಿಲ್ಲದೆ ನಿಲ್ಲಲು ಹೆದರಿ. ಅಷ್ಟೇ. ಇದನ್ನು ಅವನು ರೇಣುಕಮ್ಮನಿಗೂ ಹೇಳಿರಲಿಲ್ಲ. ಹೇಳಿದ್ದು ಒಬ್ಬಳಿಗೇ, ಚೀಕಲಪರ್ವಿಯ ಬೂದೆಮ್ಮನಿಗೆ.

ಬೂದೆಮ್ಮನಿಗೆ ಎಪ್ಪತ್ತರ ಮೇಲಾಗಿತ್ತು, ನಾಟಿ ಹಚ್ಚಿ ಹಚ್ಚಿ ಬೆನ್ನು ಬಾಗಿ ನಿಂತಾಗಲೂ ಏನೋ ಹುಡುಕುತ್ತಿರುವಂತೆ ಕಾಣುತ್ತಿದ್ದಳು. ಹದಿನಾಲ್ಕು ತಿಂಗಳಿಂದ ಶುಕ್ರವಾರ ಸಂಜೆಯ ಸಭೆ ಅವಳ ಅಂಗಳದಲ್ಲೇ ನಡೆಯುತ್ತಿತ್ತು. ಅವಳ ಇಬ್ಬರು ಸೊಸೆಯಂದಿರು, ಪಕ್ಕದ ಮನೆಯ ಪಕೀರಪ್ಪ, ಅವನ ಹೆಂಡತಿ ಅಯ್ಯಮ್ಮ, ಅವನ ಇಬ್ಬರು ತಮ್ಮಂದಿರು. ಅವಳನ್ನೂ ಸೇರಿಸಿ ಅವರೇ ಆ ಏಳು. ಪುಸ್ತಕದ ವಿಷಯ ಕೇಳಿದಂದಿನಿಂದ ಬೂದೆಮ್ಮನಿಗೆ ಒಂದೇ ಚಿಂತೆ. "ಯಪ್ಪಾ, ಎಲ್ಲಾ ಬರ್ಕೊಂಡಿರ್ತಾರೇನು?" ಎಂದು ಪ್ರತಿ ವಾರ ಕೇಳುತ್ತಿದ್ದಳು. ಎಲ್ಲಾ ಎಂದರೆ ಏನೆಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಒಂದು ಶುಕ್ರವಾರ ಉಳಿದವರು ಹೋದ ಮೇಲೆ, ಅವಳು ರೊಟ್ಟಿಗೆ ಪುಂಡಿಪಲ್ಯ ಹಾಕಿ ಕೊಟ್ಟಾಗ, ಅವನ ಬಾಯಿಂದ ಅರಕೇರಾದ ಮಾತು ತಾನಾಗಿಯೇ ಹೊರಬಿತ್ತು. ಬಸ್ಸು ಇತ್ತು ಬೇ, ನಾನೇ ಹೋಗಲಿಲ್ಲ ಎಂದ. ಬೂದೆಮ್ಮ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, "ನಿನ್ನದು ನೀನೇ ಹೇಳಿದಿ ನೋಡು. ನೀ ಹೇಳೋ ದೇವರು ಖರೇ ಇರಬೇಕು," ಎಂದಿದ್ದಳು. ಮುಂದಿನ ವಾರ ನೀರಿಗೆ ಇಳಿಯುತ್ತೇನೆಂದು ಮೊದಲು ಹೇಳಿದ್ದೂ ಅವಳೇ. ಅವಳು ಹೇಳಿದ ಮೇಲೆ ಉಳಿದ ಆರು ಜನ.

ಎಲ್ಲ ಸರಿ ಇತ್ತು, ಹೋದ ವಾರದ ಶುಕ್ರವಾರದವರೆಗೆ. ಅವತ್ತು ಅಕ್ಕಿ ಮಿಲ್ಲಿನ ಸಾವ್ಕಾರ ವಿರೂಪಣ್ಣ ಗದ್ದೆ ನೋಡಿಕೊಂಡು ಹೋಗುವಾಗ ಅಂಗಳದ ಕಟ್ಟೆಯ ಮೇಲೆ ಬಂದು ಕೂತ. ಪಕೀರಪ್ಪ ಅವನ ಮಿಲ್ಲಿನಲ್ಲಿ ಚೀಲ ಹೊರುವವನು, ಎದ್ದು ನಿಂತ. ವಿರೂಪಣ್ಣ ಕೆಟ್ಟ ಮನುಷ್ಯನಲ್ಲ. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಅಂಗಿಯ ಜೇಬಿನಲ್ಲಿ ಪಂಚಾಂಗ. ಸುತ್ತಲ ನಾಲ್ಕು ಊರಿನ ಮದುವೆಗೆ ಮುಹೂರ್ತ ತೆಗೆದುಕೊಡುವುದು ಅವನ ಹವ್ಯಾಸ, ಒಂದು ರೂಪಾಯಿ ತೆಗೆದುಕೊಳ್ಳುತ್ತಿರಲಿಲ್ಲ. ಚಾರ್ಟನ್ನು ಅವನು ಭತ್ತದ ಮಾದರಿ ನೋಡುವಂತೆ ಕಣ್ಣು ಕಿರಿದು ಮಾಡಿ ನೋಡಿದ.

"ಏನಪಾ ಆಂಜನೇಯ, ಆ ಕೆಂಪು ಗೆರಿ ಎಷ್ಟುದ್ದ?"

"ಎರಡು ಸಾವಿರದ ಮುನ್ನೂರು ವರ್ಷ್ರೀ, ಸಾವ್ಕಾರ್ರ."

"ಅದ್ರಾಗ ಏಸುವಿಗಿಂತ ಮುಂಚಿಂದು ನಾನೂರ ಐವತ್ತೇಳು. ಉಳಿದದ್ದು ಎಷ್ಟಾತು? ನೀನೇ ಹೇಳು."

ಆಂಜನೇಯ ಚಾರ್ಟಿನ ಮೇಲಿದ್ದ ಅಂಕಿಯನ್ನು ಓದಿದ. "ಹದಿನೆಂಟು ನೂರಾ ನಲವತ್ನಾಕು."

"ನಲವತ್ಮೂರು," ಎಂದ ವಿರೂಪಣ್ಣ. "ಒಂದು ವರ್ಷ ಯಾರ ಹೊಟ್ಟ್ಯಾಗ ಹೋತೋ?"

ಪಕೀರಪ್ಪ ನಕ್ಕ. ಸಾವ್ಕಾರ ಮಾತಾಡಿದಾಗ ನಗುವುದು ಅವನಿಗೆ ಅಭ್ಯಾಸ. ಆದರೆ ಅಯ್ಯಮ್ಮನೂ ನಕ್ಕಳು, ಸೊಸೆಯಂದಿರು ಸೆರಗು ಬಾಯಿಗಿಟ್ಟುಕೊಂಡರು. ಬೂದೆಮ್ಮ ಮಾತ್ರ ನಗದೆ ಅವನ ಮುಖವನ್ನೇ ನೋಡುತ್ತಿದ್ದಳು. ಆಂಜನೇಯನ ಕೈಯಲ್ಲಿದ್ದ ಬೆತ್ತ 1844ರ ಮೇಲೆಯೇ ನಿಂತಿತ್ತು, ಸರಿಯಲಿಲ್ಲ. ಸರ್ಕಾರಿ ಹಾಸ್ಟೆಲಿನಲ್ಲಿ ಏಳನೆಯ ಇಯತ್ತೆಯಲ್ಲಿದ್ದಾಗ ಲೆಕ್ಕದ ಮೇಷ್ಟ್ರು ಇದೇ ರೀತಿ ಬೋರ್ಡಿನ ಮುಂದೆ ನಿಲ್ಲಿಸಿ, ಹಿಂದಿನಿಂದ ಅವನ ಚಡ್ಡಿಯ ತೂತಿಗೆ ಸೀಮೆಸುಣ್ಣ ತೂರಿಸಿದ್ದರು. ಆಗಲೂ ಹುಡುಗರು ನಕ್ಕಿದ್ದರು, ಆಗಲೂ ಅವನು ಬಾಯಿಗೆ ಬಂದ ಉತ್ತರ ಹೇಳಿದ್ದ. ಈಗಲೂ ಬಾಯಿಗೆ ಬಂದದ್ದನ್ನೇ ಹೇಳಿದ: "ಅಧಿಕ ಮಾಸ್ರೀ. ಅದನ್ನ ಕೂಡಿಸಬೇಕು."

ಅಂಗಳದಲ್ಲಿ ಒಮ್ಮೆಲೇ ಸಮಾಧಾನ ಹರಡಿತು. ಅಧಿಕ ಮಾಸ ಎಲ್ಲರಿಗೂ ಗೊತ್ತಿದ್ದದ್ದು. ಪಾರಸಿ ಅರಸ ಗೊತ್ತಿಲ್ಲ, ಯೆರೂಸಲೇಮು ಗೊತ್ತಿಲ್ಲ, ಆದರೆ ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಹೆಚ್ಚಿಗೆ ಬಂದು ಕೂರುತ್ತದೆ, ಆ ತಿಂಗಳು ಮದುವೆ ಇಲ್ಲ, ಮನೆ ಹೊಗುವುದಿಲ್ಲ ಎಂಬುದು ಗೊತ್ತು. ಹೌದಲ್ಲ ಎಂದು ಅಯ್ಯಮ್ಮ ತಲೆ ಆಡಿಸಿದಳು. ವಿರೂಪಣ್ಣನ ಕಣ್ಣು ಮಿನುಗಿತು. ಪಂಚಾಂಗ ತೆಗೆದು ಅದರ ಹಿಂದಿನ ಹಾಳೆಯ ಮೇಲೆ ಪೆನ್ನಿನಿಂದ ಲೆಕ್ಕ ಹಾಕಿದ.

"ಹತ್ತೊಂಬತ್ತು ವರ್ಷಕ್ಕ ಏಳು ಅಧಿಕ ಮಾಸ. ಎರಡು ಸಾವಿರದ ಮುನ್ನೂರು ವರ್ಷಕ್ಕ ಎಂಟುನೂರ ನಲವತ್ತೇಳು ತಿಂಗಳು. ಅಂದ್ರ ಎಪ್ಪತ್ತು ವರ್ಷದ ಮ್ಯಾಲ ಏಳು ತಿಂಗಳು. ಒಂದು ವರ್ಷ ಕೇಳಿದ್ರ ಎಪ್ಪತ್ತು ಕೊಟ್ಟೆಲ್ಲೋ ಮಾರಾಯ! ನಿನ್ನ ಲೆಕ್ಕದಾಗ ನಿಮ್ಮ ಏಸು ಒಳಗಿನ ಖೋಲಿಗೆ ಹೋಗಿದ್ದು ಸಾವಿರದ ಒಂಬೈನೂರ ಹದಿಮೂರಕ್ಕ. ನಮ್ಮ ಮುತ್ಯಾ ಹುಟ್ಟಿದ ವರ್ಷ ಅದು." ಪೆನ್ನು ಜೇಬಿಗಿಟ್ಟು ಎದ್ದ. "ಆದ್ರ ಒಂದು ಮಾತು ಚಲೋ ಹೇಳಿದಿ. ನಿಮ್ಮ ದೇವರೂ ಅಧಿಕ ಮಾಸ ಹಿಡೀತಾನ ಅಂದಂಗಾತು?"

ತನ್ನ ಕಡೆ ವಾಲಿದ ಒಂದೇ ಒಂದು ಮಾತು ಅದು. ಆಂಜನೇಯ ಗಬಕ್ಕನೆ ಹಿಡಿದುಕೊಂಡ. "ಹಿಡೀತಾನ್ರೀ. ಯಾಕ ಹಿಡಿಯಂಗಿಲ್ಲ?"

"ಚಲೋ ಆತು. ಬರೋ ಐತಾರದಿಂದ ಅಧಿಕ ಜ್ಯೇಷ್ಠ ಸುರು," ಎಂದು ಹೇಳಿ ವಿರೂಪಣ್ಣ ಬೈಕ್ ಹತ್ತಿದ. ಅವನು ಹೋದ ಮೇಲೆ ಪಕೀರಪ್ಪ ಬೆರಳು ಮಡಚಿ ಏನೋ ಎಣಿಸಿದ್ದನ್ನು ಆಂಜನೇಯ ನೋಡಿದ್ದ. ನೋಡಿಯೂ ಚಾರ್ಟು ಸುತ್ತಿ ಪೈಪಿಗೆ ತುರುಕಿ, ರೊಟ್ಟಿಯನ್ನೂ ತಿನ್ನದೆ ಬಂದುಬಿಟ್ಟಿದ್ದ.

ಕಾರು ಬಂತು. ಹಿಂದಿನ ಸೀಟಿನಲ್ಲಿ ಪಾಸ್ಟರ್ ಸಂಜೀವ, ಪಕ್ಕದಲ್ಲಿ ಇಸ್ತ್ರಿ ಮಾಡಿದ ಕಪ್ಪು ನಿಲುವಂಗಿ, ಏಳು ಬಿಳಿ ಟವೆಲು, ಏಳು ಸರ್ಟಿಫಿಕೇಟಿನ ಫೈಲು. ಬಾಡಿಗೆ ಕಾರಿನ ಡ್ರೈವರ್ ಮುಷರ್ರಫ್ ಪೈಪನ್ನು ಕಿಟಕಿಯಿಂದ ಹೊರಗೆ ಚಾಚಿ ಇಡಿಸಿದ. ಊರು ದಾಟಿ ಕಾಲುವೆ ಪಕ್ಕಕ್ಕೆ ಬಂದ ಮೇಲೆ ಆಂಜನೇಯ ಕೇಳಿದ. ಯಾರೋ ಊರವರು ಕೇಳಿದ ಪ್ರಶ್ನೆಯಂತೆ, ನಗುವಂಥ ಸಂಗತಿಯೇನೋ ಎಂಬಂತೆ ಕೇಳಿದ. ಕಳೆದರೆ ನಲವತ್ಮೂರು ಬರ್ತದಂತ್ರೀ?

ಪಾಸ್ಟರು ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ಸೊನ್ನೆ ವರ್ಷ ಇಲ್ಲೋ ಮಾರಾಯ. ಕ್ರಿಸ್ತಪೂರ್ವ ಒಂದು ಮುಗೀತಂದ್ರ ಮರುದಿನನೇ ಕ್ರಿಸ್ತಶಕ ಒಂದು. ನಡುವ ಸೊನ್ನೆ ಬರಂಗಿಲ್ಲ. ಅದಕ್ಕ ಒಂದು ಕೂಡಿಸಬೇಕು. ಟ್ರೇನಿಂಗಿನ ಮೂರನೇ ದಿನ ಇದನ್ನ ಒಂದು ತಾಸು ಹೇಳೀನಿ. ಆವತ್ತ ನೀನೆಲ್ಲಿದ್ದಿ?"

ಆವತ್ತು ಅವನು ಕಾಂಪೌಂಡಿನ ಹಿಂದಿನ ಗೋಡೆ ಹಾರಿ ಚಹಾ ಕುಡಿಯಲು ಹೋಗಿದ್ದ. "ಹಿಂದ ಕುಂತಿದ್ದೆ, ಕೇಳಿಸಿರಲಿಕ್ಕಿಲ್ರೀ," ಎಂದ. ಎಷ್ಟು ಸಣ್ಣ ಉತ್ತರ. ಒಂದು ಉಸಿರಿನಷ್ಟು. ಹಾಸ್ಟೆಲಿನ ಹುಡುಗನೂ ಹೇಳಬಹುದಾದದ್ದು. ಎಂಟು ದಿನ ಸಂಡಾಸಿನ ಗೋಡೆ ಕೆರೆದದ್ದು ಇದಕ್ಕೆ.

"ಮತ್ತ ನೀನೇನು ಹೇಳಿದಿ ಅವರಿಗೆ?"

"ಕೇಳಿ ಹೇಳ್ತೀನಿ ಅಂದೆ."

"ಶಾಣ್ಯಾ. ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನಬೇಕು. ಕೆಲವು ಮಂದಿ ಬಾಯಿಗೆ ಬಂದದ್ದು ಹೇಳಿಬಿಡ್ತಾರ."

"ನಮ್ಮದ್ರಾಗೂ ಲೆಕ್ಕ ಬ್ಯಾರೇನೇ ಅದ್ರೀ ಸಾಹೇಬ್ರ," ಎಂದು ಮುಷರ್ರಫ್ ಕನ್ನಡಿಯಲ್ಲಿ ನೋಡುತ್ತ ಸೇರಿಸಿದ. "ಹೆಚ್ಚಿಗಿ ತಿಂಗಳೇ ಇಲ್ಲ. ಅದಕ್ಕ ರಂಜಾನು ಬ್ಯಾಸಿಗಿಗೂ ಬರ್ತದ, ಚಳಿಗೂ ಬರ್ತದ. ಯಾರ ಲೆಕ್ಕ ಹಿಡಿದ್ರೂ ಡೀಸೆಲ್ಲಿನ ರೇಟು ಮಾತ್ರ ಒಂದೇ." ಪಾಸ್ಟರು ನಕ್ಕರು. ಆಂಜನೇಯನೂ ನಕ್ಕ, ಬಾಯಿಯ ಸುಟ್ಟ ಜಾಗ ಉರಿಯಿತು.

ಚೀಕಲಪರ್ವಿಯ ಹೊಳೆಯಲ್ಲಿ ಆ ದಿನಗಳಲ್ಲಿ ನೀರಿಗಿಂತ ಬಂಡೆಗಳೇ ಹೆಚ್ಚಿದ್ದವು. ದನ ಮೈತೊಳೆಯುವ ಒಂದು ಮಡುವಿನಲ್ಲಿ ಮಾತ್ರ ಸೊಂಟದಷ್ಟು ನೀರಿತ್ತು. ದೂರದಿಂದ ಏಳು ಜನವೂ ಕಂಡಾಗ ಆಂಜನೇಯ ಬಾಯಿಬಿಟ್ಟು ಉಸಿರು ಬಿಟ್ಟ. ಬಂದಿದ್ದಾರೆ, ಏಳೂ ಜನ. ಹತ್ತಿರ ಹೋದ ಮೇಲೆ ಕಂಡಿತು: ಯಾರ ಕೈಯಲ್ಲೂ ಬದಲಿ ಬಟ್ಟೆ ಇರಲಿಲ್ಲ. ಪಕೀರಪ್ಪ ಒಳ್ಳೆಯ ಅಂಗಿ ಹಾಕಿ, ಇಸ್ತ್ರಿಯ ಮಡಿಕೆ ಮುರಿಯದಂತೆ ನಿಂತಿದ್ದ. ನೀರಿಗೆ ಇಳಿಯುವವನು ಅಂಥ ಅಂಗಿ ಹಾಕುವುದಿಲ್ಲ.

"ನಮಸ್ಕಾರ್ರೀ ಪಾಸ್ಟರ್ ಸಾಹೇಬ್ರ. ನೀವು ದೂರಿಂದ ಬಂದೀರಿ ಅಂತ ಹೇಳಿ ಹೋಗಾಕ ಬಂದೀವಿ," ಎಂದ ಪಕೀರಪ್ಪ. "ಅಧಿಕ ಮಾಸ ಕುಂತದ್ರೀ. ಇದ್ರಾಗ ಇಂಥಾ ಕೆಲಸ ಮಾಡಂಗಿಲ್ಲ. ಮುಂದಿನ ತಿಂಗಳು ನಿಜ ಜ್ಯೇಷ್ಠ ಬರ್ತದ, ಬರೋಬ್ಬರಿ ಮುಣುಗ್ತೀವಿ."

ಪಾಸ್ಟರು ಆಗಲೇ ನಿಲುವಂಗಿಯ ಒಂದು ತೋಳು ಹಾಕಿಕೊಂಡಿದ್ದರು. "ಅಧಿಕ ಮಾಸ ನಮ್ಮ ದೇವರಿಗೆ ಇಲ್ಲಪಾ."

"ಅದ ಅಂತ ನಿಮ್ಮವರೇ ಹೇಳ್ಯಾರಲ್ರೀ. ನಿಮ್ಮ ದೇವರ ವರ್ಷನೇ ಅಧಿಕ ಮಾಸ ಕೂಡಿಸಿದ್ರ ಸರಿ ಬರ್ತದಂತ. ಅವನೇ ಹಿಡಿದ ಮ್ಯಾಲ ನಾವು ಹ್ಯಾಂಗ ಬಿಡೋದು?"

"ಯಾರು ಹೇಳಿದ್ದು?"

ಎಮ್ಮೆಯೊಂದು ಮಡುವಿನ ಆಚೆ ದಡದಲ್ಲಿ ಬಾಲ ಬೀಸುತ್ತಿತ್ತು. ಆಗ ಬೂದೆಮ್ಮ ಚಪ್ಪಲಿ ಕಳಚಿ, ಯಾರನ್ನೂ ಕೇಳದೆ ನೀರಿಗೆ ಇಳಿದಳು. ಮೊಣಕಾಲಿನವರೆಗೆ ಹೋಗಿ ನಿಂತು ತಿರುಗಿ, "ನನಗ ಯಾವ ಮಾಸ ಆದ್ರೇನು? ನಾ ನಿಜ ಜ್ಯೇಷ್ಠ ನೋಡ್ತೀನೋ ಇಲ್ಲೋ. ಬರ್ರಿ, ಮುಣುಗಿಸ್ರಿ," ಎಂದಳು. ಅವಳ ಸೊಸೆಯಂದಿರು ಒಬ್ಬರನ್ನೊಬ್ಬರು ನೋಡಿಕೊಂಡರು; ಸಣ್ಣವಳು ಒಂದು ಹೆಜ್ಜೆ ಮುಂದಿಟ್ಟಳು. ಪಕೀರಪ್ಪ ತಲೆ ಕೆರೆದುಕೊಂಡ. "ನಮ್ಮದೇನು ಹಟ ಇಲ್ರೀ. ಆಂಜನೇಯಣ್ಣ ಇಲ್ಲೇ ಅದಾನಲ್ಲ. ಆವತ್ತ ಹೇಳಿದ್ದು ತಪ್ಪಾತು ಅಂದ್ರ ಮುಗೀತು. ನಾವೇನು ಪಂಚಾಂಗ ಓದಿದವ್ರೇನು? ಈ ಅಂಗಿನೇ ತೆಗೆದಿಟ್ಟು ಇಳೀತೀನಿ."

"ಹೇಳಪಾ," ಎಂದಳು ಬೂದೆಮ್ಮ ನೀರಿನಿಂದಲೇ. "ಹೇಳಿಬಿಡು."

ಒಂದೇ ವಾಕ್ಯ. ಅದು ಅವನ ಬಾಯಲ್ಲೇ ಇತ್ತು, ಕಾರಿನಲ್ಲಿ ಸಿಕ್ಕಿದ್ದು, ಇನ್ನೂ ಬಿಸಿ ಆರಿರಲಿಲ್ಲ. ನನಗೆ ಗೊತ್ತಿರಲಿಲ್ಲ, ಸುಳ್ಳು ಹೇಳಿದೆ, ಸೊನ್ನೆ ವರ್ಷ ಇಲ್ಲ, ಅಷ್ಟೇ. ಹೇಳಿದರೆ ಏಳು ಜನ ಇಳಿಯುತ್ತಾರೆ. ಅವನು ಪಾಸ್ಟರರ ಕಡೆ ನೋಡಿದ. ಅವರ ಒಂದು ಕೈ ತೋಳಿನಲ್ಲಿ, ಇನ್ನೊಂದು ಹೊರಗೆ, ಹುಬ್ಬು ಮೇಲೇರಿತ್ತು. ಕೇಳಿ ಹೇಳ್ತೀನಿ ಅಂದೆ ಎಂದು ಅರ್ಧ ತಾಸಿನ ಹಿಂದೆ ಇದೇ ಮನುಷ್ಯನಿಗೆ ಹೇಳಿದ್ದೇನೆ. ಶಾಣ್ಯಾ ಎಂದಿದ್ದಾರೆ. ಹತ್ತು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಈಗ ಹೇಳಿದರೆ ಆ ಹುಬ್ಬು ಇಳಿಯುತ್ತದೆ, ತುಟಿ ಓರೆಯಾಗುತ್ತದೆ, ರಾಯಚೂರಿಗೆ ಹೋದ ಮೇಲೆ ಆಫೀಸಿನಲ್ಲಿ ನಾಲ್ಕು ಜನರ ಮುಂದೆ ಹೇಳುತ್ತಾರೆ: ನಮ್ಮ ಆಂಜನೇಯ ದೇವರಿಗೆ ಅಧಿಕ ಮಾಸ ಕೂಡಿಸ್ಯಾನ. ನಾಲ್ಕೂ ಜನ ಚಹಾ ಕುಡಿಯದ ಬಾಯಿಂದ ನಗುತ್ತಾರೆ. ಬೆನ್ನ ಹಿಂದೆ ಸೀಮೆಸುಣ್ಣ ತಣ್ಣಗೆ ತಾಗಿದಂತಾಯಿತು. ಎರಡು ಖೋಲಿಯ ಮನೆ ಅವನಿಗೆ ನೆನಪಾಗಲಿಲ್ಲ. ಮೇಲಿನ ಪುಸ್ತಕವೂ ನೆನಪಾಗಲಿಲ್ಲ. ಆ ಕ್ಷಣ ನೆನಪಾದದ್ದು ನಗು ಮಾತ್ರ.

"ನಾನು ಹೇಳಿಲ್ರೀ," ಎಂದ. "ಸಾವ್ಕಾರ ವಿರೂಪಣ್ಣ ಹೇಳಿದ್ದು. ಇವರು ತಪ್ಪು ತಿಳ್ಕೊಂಡಾರ."

ಪಕೀರಪ್ಪನ ಮುಖದ ಮೇಲೆ ಮೊದಲು ಗೊಂದಲ, ಆಮೇಲೆ ನಾಚಿಕೆ ಬಂತು. ತಪ್ಪು ತನ್ನದೇ ಏನೋ ಎಂಬಂತೆ ಅವನು ಕಣ್ಣು ತಗ್ಗಿಸಿದ. ಸಣ್ಣ ಸೊಸೆ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಬೂದೆಮ್ಮ ನೀರಿನಲ್ಲಿ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದಳು. ಕಿವಿ ಕೇಳಿಸಲಿಲ್ಲವೇನೋ ಎಂದು ಪಾಸ್ಟರು, "ಬರ್ರಿ ಯವ್ವಾ, ನಾನು ಬರಾಕತ್ತೀನಿ, ನೀವು ಒಬ್ಬರಾದ್ರೂ ಆಗ್ರಿ," ಎಂದು ಎರಡನೆಯ ತೋಳು ಹಾಕಿಕೊಳ್ಳತೊಡಗಿದರು. ಅವಳು ಸೀರೆಯ ಅಂಚು ಹಿಂಡುತ್ತ ಮೇಲಕ್ಕೆ ಬಂದಳು. ಒದ್ದೆ ಕಾಲಿಗೆ ಚಪ್ಪಲಿ ಮೆಟ್ಟಿ, ಆಂಜನೇಯನ ಎದುರು ನಿಂತಳು. ಬೆನ್ನು ಬಾಗಿದ್ದರಿಂದ ಅವಳು ತಲೆ ಓರೆ ಮಾಡಿ ನೋಡಬೇಕಾಯಿತು.

"ಈ ಮಾತು ಯಾವ ಪುಸ್ತಕದಾಗೂ ಬರೀಬ್ಯಾಡ ಅನ್ನು ನಿನ್ನ ದೇವರಿಗೆ," ಎಂದಳು. "ನಾ ಕೇಳೀನಿ, ಸಾಕು."

ಮೊದಲು ಅವಳು ಹೋದಳು, ಹಿಂದೆ ಸೊಸೆಯಂದಿರು. ಪಕೀರಪ್ಪನ ತಮ್ಮಂದಿರು ಬಂಡೆಯಿಂದ ಬಂಡೆಗೆ ಹಾರುತ್ತ ಹೋದರು, ಅಯ್ಯಮ್ಮ ಅವರನ್ನು ಬೈಯುತ್ತ ಹೋದಳು. ಕೊನೆಗೆ ಪಕೀರಪ್ಪ, ಇಸ್ತ್ರಿಯ ಮಡಿಕೆ ಮುರಿಯದಂತೆ, ಪಾಸ್ಟರಿಗೆ ಮತ್ತೊಮ್ಮೆ ಕೈಮುಗಿದು ಹೋದ. ಆಂಜನೇಯನ ಕಡೆ ನೋಡಲಿಲ್ಲ. ಪಾಸ್ಟರು ನಿಲುವಂಗಿ ಕಳಚಿ ಮಡಚಿದರು. ಸಾವ್ಕಾರ ಮಂದಿ ಹೀಗೇ, ಬಡವರನ್ನು ಕೆಡಿಸುತ್ತಾರೆ, ನಿನ್ನದೇನು ತಪ್ಪಿಲ್ಲ ಎಂದರು. ನಿನ್ನ ಕಾಯಂ ಆಗುವ ಮಾತು ಬೇಕಾದರೆ ಇನ್ನೊಂದು ಸಲ ನೋಡೋಣ, ಬೇರೆ ಊರಿನಲ್ಲಿ ಮತ್ತೆ ಏಳು ಜನ ಸಿಕ್ಕರೆ ಆಯಿತು ಎಂದರು. ಬೆನ್ನು ತಟ್ಟಿದರು. ಮುಷರ್ರಫ್ ಒಂದು ಟವೆಲಿನಿಂದ ಕಾರಿನ ಗಾಜು ಒರೆಸುತ್ತಿದ್ದ, ಯಾರೂ ಬೇಡ ಎನ್ನಲಿಲ್ಲ. ಸಬ್ಬತ್ತಿನ ಹೊತ್ತು ಇನ್ನೂ ಮುಳುಗಿರಲಿಲ್ಲ.

ಆ ಹೊಳೆಯ ದಂಡೆಯಲ್ಲಿ ಆಂಜನೇಯ ಕಳೆದುಕೊಂಡದ್ದು ಏಳು ಜನ, ಒಂದು ಅಂಗಳ, ವಾರಕ್ಕೆ ಒಂದು ಊಟ.